ಹಿಟ್ಟಿನ ಮೇಲೆ ಬರೆದ ಸದ್ದು

ಹಾಸನದ ಕಿವಿ ಡಾಕ್ಟರು ಒಂದು ಗೆರೆ ತೋರಿಸಿದರು.
ಎಡಗಡೆ ಮಟ್ಟವಾಗಿದ್ದದ್ದು ಬಲಕ್ಕೆ ಹೋಗುತ್ತಾ
ನಮ್ಮ ಮಾಲೇಕಲ್ಲಿನ ಮೆಟ್ಟಿಲ ಹಾಗೆ
ಇಳಿದು, ಇಳಿದು, ಕಾಗದದ ಅಂಚಿಗೆ ಬಿದ್ದುಹೋಗಿತ್ತು.
"ದಪ್ಪ ಸದ್ದು ಕೇಳುತ್ತೆ. ಸಣ್ಣ ಸದ್ದು ಹೋಯಿತು.
ಏನು ಕೆಲಸ?"
ಹಿಟ್ಟಿನ ಗಿರಣಿ ಅಂದೆ. ಅರಸೀಕೆರೆ. ಮೂವತ್ತೊಂದು ವರ್ಷ.
ಬರೆದುಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ,
ಸಣ್ಣ ಸದ್ದು ಅಂದರೆ ಯಾವುದು ಯಾವುದು:
ಒಗ್ಗರಣೆಯ ಸಾಸಿವೆ. ಗಂಗಾಂಬಿಕೆಯ ಗಾಜಿನ ಬಳೆ.
ಕುಕ್ಕರು ಕೂಗುವ ಮುಂಚಿನ ಉಸುರು.
ಹಕ್ಕಿ.
ಉಳಿದವಕ್ಕೆ ಕಣ್ಣಿದೆ, ಮೂಗಿದೆ, ಅವಳ ಬೈಗುಳವಿದೆ.
ಹಕ್ಕಿಯನ್ನು ಮಾತ್ರ ನಾನೆಂದೂ ನಿಂತು ನೋಡಿರಲಿಲ್ಲ.
ಬೆಲ್ಟು ತಿರುಗುವ ಮೊದಲು, ಬೆಳಗ್ಗೆ ಆರಕ್ಕೆ,
ಬರೀ ಕೇಳಿದ್ದೆ.

ಸರಿ, ಕರೆಯೋಣ ಅಂತ ಹೊರಟೆ.
ಗಿರಣಿಯ ಹಿಂದೆ ಹದಿನೈದಕ್ಕೆ ಇಪ್ಪತ್ತಡಿ ಜಾಗ:
ಹಳೆ ಡೀಸೆಲ್ ಡ್ರಮ್ಮು, ಸವೆದ ಕಲ್ಲು ಎರಡು, ಒಂದು ಕರಿಬೇವು.
ಸಂತೆಯಿಂದ ನವಣೆ ತಂದು ತಟ್ಟೆಯಲ್ಲಿಟ್ಟೆ.
ಇಲಿ ಬಂತು.
ಹಸಿರು ಪ್ಲಾಸ್ಟಿಕ್ಕಿನ ಗೂಡು ತೂಗುಹಾಕಿದೆ, ನೂರೈವತ್ತು ರೂಪಾಯಿ.
ಕಣಜ ಬಂತು.
ಎದುರು ಅಂಗಡಿಯ ಬಸವಲಿಂಗ ಬಂದು
"ಏನು ಓಂಕಾರಣ್ಣ, ಪಾರಿವಾಳ ಸಾಕ್ತೀಯಾ?" ಅಂದ.

ಕೈಬಿಟ್ಟೆ. ಕೈಬಿಟ್ಟ ಮೇಲೆ ಬಂದವು.
ಸೋರುವ ನಲ್ಲಿಯ ಕೆಳಗೆ ಗಿರಣಿ ಕಲ್ಲು ಬಿದ್ದಿತ್ತು,
ಅದರ ತೂತಿಗೆ ಮಣ್ಣು ಕಟ್ಟಿ, ಗುಳಿಯಲ್ಲಿ ನೀರು ನಿಂತಿತು.
ಯಾರೂ ನೆಡದ ಗಸಗಸೆ ಹಣ್ಣಿನ ಗಿಡ
ಎರಡೇ ವರ್ಷಕ್ಕೆ ಶೀಟನ್ನು ದಾಟಿತು.
ಗುಡಿಸಲು ಸೋಮಾರಿತನವಾಗಿ ಬಿಟ್ಟ ಎಲೆಯ ಕೆಳಗೆ
ಹುಳುಗಳ ಸಂಸಾರ.

ರಾಗಿ ಬೀಸಿಸಲು ಬರುವ ಮುಬೀನಾ, ನಾಲ್ಕನೇ ಕ್ಲಾಸು,
ಸರದಿ ಬರುವ ತನಕ ಹಿಂಬಾಗಿಲಲ್ಲಿ ಕೂತು
ಕೇಳಿದ್ದನ್ನೆಲ್ಲ ತಗಡಿನ ಮೇಲಿನ ಹಿಟ್ಟಿನಲ್ಲಿ
ಬೆರಳಿಂದ ಬರೆಯತೊಡಗಿದಳು.
ಟುವ್ವಿ ಟುವ್ವಿ ಟುವ್ವಿ
(ಬಾಲ ನಿಗುರಿಸಿದ ಆ ಹೆಬ್ಬೆರಳುದ್ದದ್ದು. ಅಷ್ಟು ಸದ್ದು ಇಟ್ಟುಕೊಂಡಿರುವುದೆಲ್ಲಿ?)
ಸೂರಕ್ಕಿಗೆ ಚ್ವೀ ಅಂತ ಬರೆದು, ಅಳಿಸಿ, ಚ್ವಿಕ್ ಅಂತ ತಿದ್ದಿದಳು.
ಹರಟೆಮಲ್ಲಗಳಿಗೆ ಬರೆಯಲೇ ಇಲ್ಲ,
"ಬೈಕೊಳ್ತಾ ಇವೆ, ಅಷ್ಟೇ" ಅಂತ ನನ್ನ ಕಿವಿಗೆ ಕೂಗಿದಳು.
ಪಿಕಳಾರಕ್ಕೆ ಕಷ್ಟಪಟ್ಟಳು. ಅಕ್ಷರ ಸಾಲದೆ
ಒಂದು ಗೆರೆ ಎಳೆದಳು,
ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲೇರುವ ಗೆರೆ.
ಆ ತಗಡನ್ನು ಆ ದಿನ ಒರೆಸಲಿಲ್ಲ.

ಪಿಕಳಾರದ ಜೋಡಿ ಕರಿಬೇವಿನಲ್ಲಿ ಗೂಡು ಕಟ್ಟಿತು,
ಕಾಫಿ ಬಟ್ಟಲಿನಷ್ಟು. ನಾರು ನಮ್ಮ ಗೋಣಿಯದೇ.
ಕೆಂಪು ಚುಕ್ಕೆಯ ಮೂರು ಮೊಟ್ಟೆ.
ಹನ್ನೆರಡನೇ ದಿನಕ್ಕೆ ಮೂರು ಬಾಯಿ.

ಅದಾದ ನಾಲ್ಕನೇ ಬೆಳಗ್ಗೆ ಹಲ್ಲುಜ್ಜುತ್ತಾ ನಿಂತಿದ್ದೆ.
ಕೇಳಿಸಿತು.
ಯಾರೂ ಬರೆದುಕೊಡದೆ, ನೆಟ್ಟಗೆ ಎದೆಗೆ:
ಊಪ್. ಊಪ್. ಊಪ್. ಊಪ್.
ಖಾಲಿ ಡ್ರಮ್ಮಿಗೆ ಯಾರೋ ಗುದ್ದಿದ ಹಾಗೆ.
"ಗಂಗಾ, ಕೇಳ್ತಾ ಇದೆ ಕಣೇ!" ಬಾಯ್ತುಂಬ ನೊರೆ.
ಕೆಂಬೂತ. ನವಿಲ ನೋಡಿ ಪುಕ್ಕ ಕೆದರಿತೆಂದು
ಊರೆಲ್ಲ ಆಡಿಕೊಳ್ಳುವ ಕೆಂಬೂತ.
ನನಗೆ ನವಿಲಿಗಿಂತ ಹೆಚ್ಚಾಯಿತು.
ಗಸಗಸೆಯಿಂದ ಕರಿಬೇವಿಗೆ ಅದು ಹಾರಿ ಇಳಿಯಿತು,
ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದ ಕಣ್ಣು.
ಇನ್ನೂ ಹತ್ತಿರ ಬಂತಲ್ಲ ಅಂತ ಬ್ರಷ್ಷು ಹಿಡಿದೇ ಕುಣಿದೆ.

ಪಿಕಳಾರಗಳೆರಡೂ ತಂತಿಯ ಮೇಲೆ
ಬಾಯಿ ತೆರೆದು, ತೆರೆದು, ಮುಚ್ಚುತ್ತಿದ್ದವು.
ಹಾಡುತ್ತಿವೆ ಅಂದುಕೊಂಡೆ.

ಸಂಜೆ ಮುಬೀನಾ ಡ್ರಮ್ಮು ಹತ್ತಿ ಗೂಡಿನೊಳಗೆ ಇಣುಕಿದಳು.
ಇಳಿದು, ಕೈ ಒರೆಸಿಕೊಂಡು, ಹಿಟ್ಟಿನ ಡಬ್ಬಿ ಎತ್ತಿಕೊಂಡಳು.
ತಗಡಿನ ಮೇಲೆ ಏನೂ ಬರೆಯಲಿಲ್ಲ.

ಬಸವಲಿಂಗ ಕ್ಯಾಟರ್‌ಬಿಲ್ಲು ತಂದುಕೊಟ್ಟ.
ಮೀಟರ್ ಬೋರ್ಡಿನ ಪಕ್ಕ ಮೊಳೆಗೆ ತೂಗುತ್ತಿದೆ.
ಕರೆದವನು ನಾನು. ಯಾರು ಯಾರು ಬರಬೇಕೆಂದು
ಚೀಟಿ ಕಟ್ಟಿರಲಿಲ್ಲ.

ಬೆಳಗಾದರೆ ಕಲ್ಲಿನ ಗುಳಿ ಉಜ್ಜಿ ನೀರು ತುಂಬುತ್ತೇನೆ.
ಊಪ್ ಅನ್ನುತ್ತದೆ.
ಕೇಳಬಾರದು ಅನ್ನಿಸಿದರೂ ಕಿವಿ ತಾನಾಗಿ ಅತ್ತ ತಿರುಗುತ್ತದೆ.
ತಿರುಗಲಿ.
ಕಣ್ಣು ಮಾತ್ರ ಈಗ ಮೊದಲು ತಂತಿಗೆ ಹೋಗುತ್ತದೆ,
ಪಿಕಳಾರದ ಕೊಕ್ಕಿಗೆ.